ಕೂಲರ್ ಬದಲಿಸಿದ ಮೇಲೆ ಕಂಪ್ಯೂಟರ್ ಬೂಟ್ ಆಗಲಿಲ್ಲ: ನನ್ನ ಅನುಭವ

2020ರಲ್ಲಿ ಬಿಡಿಭಾಗಗಳನ್ನು ತಂದು ನಾನೇ ಜೋಡಿಸಿಕೊಂಡ ಕಂಪ್ಯೂಟರಿನಲ್ಲಿರುವುದು ರೈಜೆನ್ 5 3600 ಪ್ರೊಸೆಸರ್. ಅದರ ಪೆಟ್ಟಿಗೆಯಲ್ಲೇ ಬಂದಿದ್ದ ಗಿಡ್ಡ ಕೂಲರ್ ಐದು ವರ್ಷ ತಕರಾರಿಲ್ಲದೆ ದುಡಿಯಿತು. ಆಮೇಲೊಂದು ಬೇಸಿಗೆಯಲ್ಲಿ ವಿಡಿಯೊ ಎಡಿಟ್ ಮಾಡುವಾಗಲೆಲ್ಲ ಉಷ್ಣಾಂಶ 90 ಡಿಗ್ರಿ ದಾಟತೊಡಗಿತು. ಈ ಪ್ರೊಸೆಸರಿನ ಗರಿಷ್ಠ ಮಿತಿಯೇ 95 ಡಿಗ್ರಿಯಾದ್ದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 120 ಮಿಲಿಮೀಟರ್ ಫ್ಯಾನಿರುವ ಟವರ್ ಕೂಲರ್ ಒಂದನ್ನು ಕೊಂಡುತಂದೆ. ಅರ್ಧ ಗಂಟೆಯ ಕೆಲಸವೆಂದು ಕುಳಿತವನ ಇಡೀ ಭಾನುವಾರ ಅದರಲ್ಲೇ ಕಳೆಯಿತು.

ಹಳೆಯ ಕೂಲರಿನ ನಾಲ್ಕು ಸ್ಕ್ರೂಗಳನ್ನು ಬಿಚ್ಚಿದರೂ ಅದು ಅಲುಗಲಿಲ್ಲ. ಕೊಂಚ ಜೋರಾಗಿ ನೇರ ಮೇಲಕ್ಕೆ ಎಳೆದೆ. 'ಟಕ್' ಎಂಬ ಸದ್ದಿನೊಂದಿಗೆ ಕೈಗೆ ಬಂದ ಕೂಲರಿನ ತಳದಲ್ಲಿ ಪ್ರೊಸೆಸರ್ ಕೂಡ ಅಂಟಿಕೊಂಡಿತ್ತು. ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ಟಿನ ಲಿವರ್ (ಪ್ರೊಸೆಸರನ್ನು ಬಿಗಿಯುವ ಸನ್ನೆ) ಮಾತ್ರ ಹಾಕಿದ ಹಾಗೆಯೇ ಇತ್ತು. ನನ್ನ ಪ್ರೊಸೆಸರ್ ಕೂರುವುದು ಎಎಂ4 ಎಂಬ ಬಗೆಯ ಸಾಕೆಟ್ಟಿನಲ್ಲಿ. ಎಎಂ4 ಪ್ರೊಸೆಸರುಗಳ 1331 ಪಿನ್‌ಗಳು ಪ್ರೊಸೆಸರಿನ ಅಡಿಯಲ್ಲೇ ಇರುತ್ತವೆ. ಸಾಕೆಟ್ ಆ ಪಿನ್‌ಗಳನ್ನು ಬಿಗಿಹಿಡಿಯುತ್ತದೆಯೇ ಹೊರತು ಮೇಲಿನಿಂದ ಒತ್ತಿಹಿಡಿಯುವ ಲೋಹದ ಚೌಕಟ್ಟು ಅದಕ್ಕಿಲ್ಲ. ಹಾಗಾಗಿ ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚಿದ, ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟಿನ ಅಂಟು ಸಾಕೆಟ್ಟಿನ ಹಿಡಿತವನ್ನೂ ಮೀರುತ್ತದೆ. (2022ರಲ್ಲಿ ಬಂದ ಎಎಂ5ರಲ್ಲಿ ಪಿನ್‌ಗಳು ಸಾಕೆಟ್ಟಿಗೆ ಹೋಗಿ, ಚೌಕಟ್ಟೂ ಬಂದಿರುವುದರಿಂದ ಈ ಪಾಡಿಲ್ಲ.) ಹೇರ್ ಡ್ರೈಯರಿನಿಂದ ಬಿಸಿ ಮಾಡಿ ಎರಡನ್ನೂ ಬೇರ್ಪಡಿಸಿದೆ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಹೊಂದಿಸಿ ಪ್ರೊಸೆಸರನ್ನು ಸಾಕೆಟ್ಟಿನಲ್ಲಿಟ್ಟಾಗ ಒಂದು ಮೂಲೆ ಎತ್ತರವಾಗಿ ಕಂಡಿತು. ಲಿವರ್ ಎತ್ತಿದ್ದರೆ ಅದು ತನ್ನ ಭಾರಕ್ಕೇ ಕೂರಬೇಕು ಎಂದು ಗೊತ್ತಿದ್ದೂ ಹೆಬ್ಬೆರಳಿನಿಂದ ಅದುಮಿದೆ. ಕೂತಿತು.

ಹೊಸ ಕೂಲರ್ ಬಿಗಿದು ಸ್ವಿಚ್ ಒತ್ತಿದರೆ ಫ್ಯಾನುಗಳು ತಿರುಗಿದವು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಮೊದಲು ನನ್ನ ಮರೆವಿನ ಮೇಲೆಯೇ ಅನುಮಾನ ಬಂತು. ಪ್ರೊಸೆಸರಿಗೆ ವಿದ್ಯುತ್ ಕೊಡುವ 8 ಪಿನ್ ಕೇಬಲ್, ಗ್ರಾಫಿಕ್ಸ್ ಕಾರ್ಡಿನ ಕೇಬಲ್, ಸಿಪಿಯು ಫ್ಯಾನ್ ಎಂದು ಬರೆದಿರುವ ಕಡೆಯೇ ಸಿಕ್ಕಿಸಿದ ಫ್ಯಾನ್ ವೈರು, ಎಲ್ಲವೂ ಸರಿಯಾಗಿದ್ದವು. ಮದರ್‌ಬೋರ್ಡಿನ ಅಂಚಿನಲ್ಲಿ ತೊಂದರೆ ಎಲ್ಲಿದೆಯೆಂದು ತೋರಿಸುವ ನಾಲ್ಕು ಪುಟ್ಟ ದೀಪಗಳಿವೆ. ಅವುಗಳಲ್ಲಿ ಡಿರ್ಯಾಮ್ (ಅಂದರೆ ರ್ಯಾಮ್) ಎಂಬುದು ಆರದೆ ಉರಿಯುತ್ತಿತ್ತು. ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಹತ್ತು ನಿಮಿಷ ತೆಗೆದಿಟ್ಟು, ಬೋರ್ಡನ್ನು ಚಾಲೂ ಮಾಡುವ ಮೂಲ ತಂತ್ರಾಂಶವಾದ ಬಯಾಸ್‌ನ ಸೆಟ್ಟಿಂಗ್‌ಗಳನ್ನು ಅಳಿಸಿದೆ. ಹಾಗೆ ಮಾಡಿದ ಮೇಲೆ ರ್ಯಾಮನ್ನು ಹೊಸದಾಗಿ ಹೊಂದಿಸಿಕೊಳ್ಳಲು ಬೋರ್ಡಿಗೆ ಸಮಯ ಬೇಕಾಗುವುದರಿಂದ ಐದು ನಿಮಿಷ ಕಾದೆ. ಕೂಲರಿನ ಬಿಗಿ ಹೆಚ್ಚಾಗಿರಬಹುದೆಂದು ಸ್ಕ್ರೂಗಳನ್ನು ತುಸು ಸಡಿಲಿಸಿಯೂ ನೋಡಿದೆ. ಪರದೆ ಬದಲಾಗಲಿಲ್ಲ.

ದಾರಿ ತೋರಿಸಿದ್ದು ರ್ಯಾಮ್ ಪರೀಕ್ಷೆ. ನನ್ನಲ್ಲಿರುವ 8 ಜಿಬಿಯ ಎರಡು ಪಟ್ಟಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳಲ್ಲಿ ಹಾಕಿದ್ದೆ. ಒಂದೇ ಪಟ್ಟಿಯನ್ನು ಎರಡನೆಯ ಸ್ಲಾಟಿನಲ್ಲಿಟ್ಟರೆ ಅದೇ ಕಪ್ಪು ಪರದೆ. ಅದನ್ನೇ ನಾಲ್ಕನೆಯದಕ್ಕೆ ಹಾಕಿದರೆ ವಿಂಡೋಸ್ ತೆರೆದುಕೊಂಡಿತು. ಪಟ್ಟಿಗಳನ್ನು ಅದಲುಬದಲು ಮಾಡಿದರೂ ಫಲಿತಾಂಶ ಅದೇ. ಅಂದರೆ ರ್ಯಾಮ್ ಚೆನ್ನಾಗಿದೆ, ಪ್ರೊಸೆಸರಿಗೂ ರ್ಯಾಮಿಗೂ ನಡುವಿನ ಎರಡು ದಾರಿಗಳಲ್ಲಿ (ಚಾನೆಲ್) ಒಂದು ಸತ್ತಿದೆ. ರ್ಯಾಮನ್ನು ನಿಯಂತ್ರಿಸುವ ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೇ ಇದ್ದು, ಅದರ ಸಂಪರ್ಕ ಆ ಪಿನ್‌ಗಳ ಮೂಲಕವೇ ಆಗುವುದರಿಂದ ಬೆಳಗಿನ ಆ 'ಟಕ್' ಸದ್ದೂ ಹೆಬ್ಬೆರಳೂ ಒಟ್ಟಿಗೆ ನೆನಪಾದವು.

ಈ ಸಲ ಕಂಪ್ಯೂಟರನ್ನು ಹದಿನೈದು ನಿಮಿಷ ಓಡಿಸಿ ಬಿಸಿಯಾಗಲು ಬಿಟ್ಟು, ಆಫ್ ಮಾಡಿ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿದ ನಂತರವೇ ಎತ್ತಿದೆ. ಪ್ರೊಸೆಸರನ್ನು ಮಗುಚಿ ಮೊಬೈಲಿನ ಟಾರ್ಚಿಗೆ ಓರೆಯಾಗಿ ಹಿಡಿದಾಗ, ಅಂಚಿನ ಸಾಲಿನಲ್ಲಿ ಒಂದು ಪಿನ್ ಪೂರ್ತಿ ಮಲಗಿತ್ತು. ಪಕ್ಕದ್ದು ಗಾಳಿಗೆ ವಾಲಿದ ಪೈರಿನಂತೆ ಬಾಗಿತ್ತು. ಮಗಳ ಕಂಪಾಸ್ ಪೆಟ್ಟಿಗೆಯಲ್ಲಿದ್ದ 0.5 ಮಿಲಿಮೀಟರಿನ ಪೆನ್ ಪೆನ್ಸಿಲ್ಲಿನಿಂದ ಕಡ್ಡಿ ತೆಗೆದೆ. ಮಲಗಿದ್ದ ಪಿನ್ನನ್ನು ಬ್ಲೇಡಿನ ತುದಿಯಿಂದ ತುಸುವೇ ಎಬ್ಬಿಸಿ, ಪೆನ್ಸಿಲ್ಲಿನ ಖಾಲಿ ಮೂತಿಯೊಳಗೆ ತೂರಿಸಿ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ನೆಟ್ಟಗೆ ಮಾಡಿದೆ. ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಪಿನ್ ಮುರಿಯುತ್ತದೆಂಬ ಭಯಕ್ಕೆ ಒಂದೇ ದಿಕ್ಕಿನಲ್ಲಿ ತಳ್ಳುತ್ತ ಹೋದೆ. ಎರಡು ಪಿನ್‌ಗಳಿಗೆ ನಲವತ್ತು ನಿಮಿಷ ಹಿಡಿಯಿತು. ಸಾಲುಗಳನ್ನು ಎರಡೂ ಬದಿಯಿಂದ ಕಣ್ಣಿನ ಮಟ್ಟಕ್ಕೆ ತಂದು ನೋಡಿ ಸಾಕೆಟ್ಟಿನ ಮೇಲಿಟ್ಟಾಗ, ಪ್ರೊಸೆಸರ್ ಬೆರಳು ತಾಗಿಸದೆಯೇ ಒಳಗಿಳಿಯಿತು.

ಬಟಾಣಿ ಗಾತ್ರದ ಹೊಸ ಪೇಸ್ಟ್ ಹಾಕಿ, ಸ್ಕ್ರೂಗಳನ್ನು ಕರ್ಣದಲ್ಲಿ ಒಂದಾದ ಮೇಲೊಂದರಂತೆ ಅರ್ಧರ್ಧ ಸುತ್ತು ಬಿಗಿದು ಚಾಲೂ ಮಾಡಿದೆ. ಡಿರ್ಯಾಮ್ ದೀಪ ಹೊತ್ತಿ, ಆರಿತು. 16 ಜಿಬಿಯೂ ಕಾಣಿಸಿತು. ಅದೇ ವಿಡಿಯೊಗೆ ಉಷ್ಣಾಂಶ 72 ಡಿಗ್ರಿ ಮೀರಲಿಲ್ಲ. ಬ್ಯಾಟರಿ ತೆಗೆದಿದ್ದರಿಂದ 3200 ಇದ್ದ ರ್ಯಾಮ್ ವೇಗ 2133ಕ್ಕೆ ಇಳಿದಿರುವುದು ಮಾತ್ರ ಎರಡು ದಿನ ನನ್ನ ಗಮನಕ್ಕೆ ಬರಲಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬ, ರ್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆಯನ್ನು ಮತ್ತೆ ಆನ್ ಮಾಡಿದೆ.