ಟೀಮ್ ಟ್ರಕ್ಕಿಗೆ ಇಳಿಯುವ ಗಂಡ-ಹೆಂಡತಿಗೆ: ಅಮೆರಿಕದ ಲೆಕ್ಕಾಚಾರ

ಇಬ್ಬರೂ ಸೇರಿ ಟ್ರಕ್ ಓಡಿಸ್ತೀವಿ ಅಂದಾಗ ದಾವಣಗೆರೆಯಿಂದ ನಮ್ಮತ್ತೆ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಮಲಗೋದು ಎಲ್ಲಿ?" ನಗಬೇಡಿ. ಈ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.

ಇಲ್ಲಿನ ಕಾನೂನಿನ ಪ್ರಕಾರ ಸತತ 10 ಗಂಟೆ ವಿಶ್ರಾಂತಿ ಮುಗಿಸಿ ಕೆಲಸ ಶುರು ಮಾಡಿದವರಿಗೆ 14 ಗಂಟೆಯ ಅವಧಿ ಸಿಗುತ್ತದೆ, ಅದರೊಳಗೆ ಓಡಿಸಬಹುದಾದದ್ದು 11 ಗಂಟೆ. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ಬ್ರೇಕ್. ಹಾಗಾಗಿ ಒಬ್ಬರೇ ಇದ್ದರೆ ಗಾಡಿ ದಿನಕ್ಕೆ ಅರ್ಧಕ್ಕಿಂತ ಜಾಸ್ತಿ ಹೊತ್ತು ನಿಂತೇ ಇರುತ್ತದೆ. ಟೀಮ್ ಆದರೆ ಇಬ್ಬರ ಗಡಿಯಾರವೂ ಬೇರೆ ಬೇರೆ: ಒಬ್ಬರು ಸೀಟಿನ ಹಿಂದಿನ ಹಾಸಿಗೆಯಲ್ಲಿ, ಅಂದರೆ ಬಂಕ್‌ನಲ್ಲಿ ಮಲಗಿದ್ದಾಗ ಇನ್ನೊಬ್ಬರು ಓಡಿಸುತ್ತಾರೆ. ಲಾಸ್ ಏಂಜಲೀಸ್‌ನಿಂದ ನ್ಯೂಜೆರ್ಸಿಗೆ ಸುಮಾರು 2,800 ಮೈಲಿ. ಒಬ್ಬರಿಗೆ ಐದು ದಿನ ಹಿಡಿಯುವ ಆ ದಾರಿ ಇಬ್ಬರಿಗೆ ಮೂರು ದಿನದಲ್ಲಿ ಮುಗಿಯುತ್ತದೆ. ಅವಸರದ ಲೋಡ್ ಟೀಮಿಗೇ ಸಿಗೋದು ಅದಕ್ಕೇ.

ಆದರೆ ಪಕ್ಕದ ಸೀಟಿನಲ್ಲಿ ಹರಟೆ ಹೊಡೀತಾ ಕೂತದ್ದೆಲ್ಲ ವಿಶ್ರಾಂತಿ ಆಗೋದಿಲ್ಲ. ಗಾಡಿ ಓಡುತ್ತಿರುವಾಗ ಆ 10 ಗಂಟೆಯಲ್ಲಿ ಕನಿಷ್ಠ 7 ಗಂಟೆ ಸತತವಾಗಿ ಬಂಕ್‌ನಲ್ಲೇ ಕಳೆಯಬೇಕು. ಅದಕ್ಕೆ ಅಂಟಿಕೊಂಡ ಹಾಗೆ, ಮುಂಚೆ ಅಥವಾ ಆಮೇಲೆ, ಹೆಚ್ಚೆಂದರೆ 3 ಗಂಟೆ ಪಕ್ಕದ ಸೀಟಿನಲ್ಲಿ ಕೂರಬಹುದು. ಇನ್ನೊಂದು, 8 ದಿನಕ್ಕೆ 70 ಗಂಟೆ ಅನ್ನೋ ಮಿತಿ. ಡೀಸೆಲ್ ಹಾಕಿಸಿದ್ದು, ಗಾಡಿ ತಪಾಸಣೆ ಮಾಡಿದ್ದು ಎಲ್ಲ ಅದರಲ್ಲೇ ಬರುತ್ತದೆ. ನಾವು ಮೊದಲ ವಾರ ಹುರುಪಿನಲ್ಲಿ ದಿನಾ ಹತ್ತು-ಹನ್ನೊಂದು ಗಂಟೆ ಎಳೆದು, ವಾರ ಮುಗಿಯೋದ್ರೊಳಗೆ ಇಬ್ಬರ ಗಂಟೆಯೂ ಖಾಲಿ ಮಾಡಿಕೊಂಡು, ಒಂದು ಟ್ರಕ್ ಸ್ಟಾಪ್‌ನಲ್ಲಿ 34 ಗಂಟೆ ಸುಮ್ನೆ ಕೂತೆವು, ಯಾಕಂದ್ರೆ ಲೆಕ್ಕ ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ಅಷ್ಟು ರಜೆ ಬೇಕು. 70ನ್ನು 8ರಿಂದ ಭಾಗಿಸಿ, ದಿನಕ್ಕೆ ಎಂಟೂಮುಕ್ಕಾಲು ಗಂಟೆ. ಅಷ್ಟಕ್ಕೇ ನಿಲ್ಲಿಸಿದರೆ ಗಂಟೆ ಖಾಲಿಯಾಗೋ ಪ್ರಶ್ನೆಯೇ ಇಲ್ಲ.

ಲೈಸೆನ್ಸ್ ವಿಷಯಕ್ಕೆ ಬಂದರೆ, ಮೊದಲು ನಿಮ್ಮ ವೀಸಾ ನೋಡಿಕೊಳ್ಳಿ. ಗ್ರೀನ್ ಕಾರ್ಡ್ ಇದ್ದವರಿಗೆ, ಸಿಟಿಜನ್ ಆದವರಿಗೆ ದಾರಿ ಸಲೀಸು. ಎಚ್-4 (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ/ಹೆಂಡತಿಗೆ ಸಿಗುವ ವೀಸಾ) ವರ್ಕ್ ಪರ್ಮಿಟ್‌ನಂಥವರಿಗೆ ಸಿಡಿಎಲ್, ಅಂದರೆ ಟ್ರಕ್ ಓಡಿಸುವ ಕಮರ್ಷಿಯಲ್ ಲೈಸೆನ್ಸ್, ಕೊಡುವ ವಿಚಾರದಲ್ಲಿ 2025ರಿಂದ ಬಿಗಿ ಜಾಸ್ತಿಯಾಗಿದೆ, ನಿಮ್ಮ ರಾಜ್ಯದ ಡಿಎಂವಿಯಲ್ಲಿ (ಲೈಸೆನ್ಸ್ ಕೊಡುವ ಕಚೇರಿ, ನಮ್ಮ ಆರ್‌ಟಿಒ ಇದ್ದ ಹಾಗೆ) ವಿಚಾರಿಸದೆ ಡ್ರೈವಿಂಗ್ ಸ್ಕೂಲಿಗೆ ಒಂದು ಡಾಲರನ್ನೂ ಕಟ್ಟಬೇಡಿ. ಊರಲ್ಲಿ ಲಾರಿ ಓಡಿಸಿದ್ದ ಹೆವಿ ಲೈಸೆನ್ಸ್ ಇಲ್ಲಿ ಲೆಕ್ಕಕ್ಕಿಲ್ಲ. ವಯಸ್ಸು 21 ಆಗಿದ್ದರೆ ಮಾತ್ರ ರಾಜ್ಯ ದಾಟಿ ಓಡಿಸಬಹುದು. ಓಡಿಸಲು ಆರೋಗ್ಯ ಸರಿಯಿದೆ ಅನ್ನುವ ಮೆಡಿಕಲ್ ಕಾರ್ಡ್ ಹೆಚ್ಚೆಂದರೆ ಎರಡು ವರ್ಷಕ್ಕೆ, ಬಿಪಿ ಜಾಸ್ತಿ ಇದ್ದರೆ ಅಷ್ಟೂ ಸಿಗೋದಿಲ್ಲ. ಲರ್ನರ್ ಪರ್ಮಿಟ್ ತಗೊಂಡು 14 ದಿನ ಆಗುವ ತನಕ ಡ್ರೈವಿಂಗ್ ಟೆಸ್ಟ್ ಇಲ್ಲ. ಆಟೊಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ಟರೆ ಗೇರ್ ಗಾಡಿ ಓಡಿಸುವ ಹಾಗಿಲ್ಲ ಅಂತ ಲೈಸೆನ್ಸ್ ಮೇಲೆ ಬೀಳುತ್ತದೆ. ಟೆಸ್ಟ್‌ನಲ್ಲಿ ಗಾಡಿಯ ಒಂದೊಂದೇ ಭಾಗವನ್ನು ತೋರಿಸಿ ಹೆಸರು ಹೇಳಬೇಕು. ನಮ್ಮೆಜಮಾನರು ಸ್ಲ್ಯಾಕ್ ಅಡ್ಜಸ್ಟರ್, ಪುಶ್‌ರಾಡ್, ಬ್ರೇಕ್ ಚೇಂಬರ್ ಅಂತ ರಾತ್ರಿಯೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದರು, ಕೇಳಿ ಕೇಳಿ ನನಗೇ ಮೊದಲು ಬಾಯಿಪಾಠವಾಯಿತು.

ದುಡ್ಡಿನಲ್ಲಿ ಮೋಸ ಹೋಗುವುದು ಒಂದೇ ಕಡೆ. ಫೋನ್ ಮಾಡುವ ರಿಕ್ರೂಟರ್ "ಟೀಮಿಗೆ ಮೈಲಿಗೆ 60 ಸೆಂಟ್" ಅಂತಾನೆ. ನಮಗೂ ಒಬ್ಬ ಹಾಗೇ ಅಂದ, ನಾವು ತಲಾ 60 ಅಂದ್ಕೊಂಡ್ವಿ. ಅದು ಗಾಡಿಗೆ ಕಣ್ರೀ, ಇಬ್ಬರಿಗೂ ಸೇರಿ, ಅಂದರೆ ತಲಾ 30. ಬರವಣಿಗೆಯಲ್ಲಿ ಕೇಳಿ. ಕಂಪನಿಯೇ ಸ್ಕೂಲ್ ಫೀಸ್ ಕಟ್ಟುತ್ತೆ ಅಂದರೆ ಎಷ್ಟು ತಿಂಗಳಿಗೆ ಕಟ್ಟಿಹಾಕ್ತಾರೆ, ಮಧ್ಯೆ ಬಿಟ್ಟರೆ ಎಷ್ಟು ವಾಪಸ್ ಕೊಡಬೇಕು ಅಂತಲೂ ಓದಿ. ಟ್ರೇನರ್ ಜೊತೆಗಿನ ವಾರಗಳಲ್ಲಿ ಗಂಡ-ಹೆಂಡತಿಯನ್ನು ಒಟ್ಟಿಗೆ ಬಿಡ್ತಾರಾ, ಬೇರೆ ಬೇರೆ ಗಾಡಿಗೆ ಹಾಕ್ತಾರಾ ಅನ್ನೋದನ್ನು ಸಹಿಗೆ ಮುಂಚೆಯೇ ಕೇಳಿ. "ವಾರಕ್ಕಿಷ್ಟು ಕಂತು, ಗಾಡಿ ಕೊನೆಗೆ ನಿಮ್ಮದೇ" ಅನ್ನುವ ಲೀಸ್ ಸ್ಕೀಮಿಗಂತೂ ಹೊಸಬರು ಕೈ ಹಾಕಲೇಬಾರದು. ಇದನ್ನೆಲ್ಲ ಕೂತು ನೋಡಿದ ಸರ್ಕಾರಿ ಸಮಿತಿಯೇ 2025ರ ಜನವರಿಯಲ್ಲಿ ಇಂಥವನ್ನು ನಿಷೇಧಿಸಿ ಅಂತ ಶಿಫಾರಸು ಮಾಡಿದೆ.

ಈಗ ನಿದ್ದೆ. ಮೊದಲ ರಾತ್ರಿ ಟೆಕ್ಸಸ್‌ನ ಅಮರಿಲ್ಲೊ ದಾಟುವ ತನಕ ನಾನು ಕಣ್ಣು ಮುಚ್ಚಲಿಲ್ಲ. ರಸ್ತೆ ಅಂಚಿನ ಉಬ್ಬುಪಟ್ಟಿಗೆ ಚಕ್ರ ತಾಗಿ ಗರ್ರ್ ಅಂದಾಗಲೆಲ್ಲ ಎದ್ದು ಕೂರೋದು, ಪರದೆ ಸರಿಸಿ "ನಿದ್ದೆ ಬಂತಾ?" ಅಂತ ಕೇಳೋದು. ಬೆಳಗಿನ ಜಾವ ನನ್ನ ಸರದಿ ಬಂದಾಗ ನಿಜವಾಗಿ ತೂಕಡಿಸಿದ್ದು ನಾನೇ, ಅರ್ಧ ಗಂಟೆಗೇ ಗಾಡಿ ನಿಲ್ಲಿಸಬೇಕಾಯಿತು. ಕಿವಿಗೆ ಹತ್ತಿಯಂಥದ್ದು ಏನಾದರೂ ಇರಲಿ, ಬಂಕಿನ ಬಲೆ-ಬೆಲ್ಟು ಹಾಕದೆ ಮಲಗಬೇಡಿ. ಸರದಿಯ ಹೊತ್ತನ್ನು ದಿನಾ ಬದಲಾಯಿಸಬೇಡಿ: ನಮ್ಮಲ್ಲಿ ರಾತ್ರಿ ಅವರದು, ಹಗಲು ನನ್ನದು, ಎರಡು ವರ್ಷದಿಂದ ಹಾಗೇ. ಅನ್ನ-ಸಾರು ಗಾಡಿಯಲ್ಲೇ, ಇನ್ವರ್ಟರ್‌ಗೆ ಚಿಕ್ಕ ಕುಕ್ಕರ್ ಸಿಕ್ಕಿಸಿ. ಬೇಜಾರಾದರೆ ಐ-40 ಹೆದ್ದಾರಿಯಲ್ಲಿ ಪಂಜಾಬಿ ಢಾಬಾಗಳಿವೆ, ಚಹಾ ಪರವಾಗಿಲ್ಲ.

ಕೊನೆಯದೊಂದು. ಅರಿಜೋನದ ಕಿಂಗ್‌ಮನ್‌ನಲ್ಲಿ ಇವರು ಡೀಸೆಲ್ ಹಾಕಿಸುವಾಗ ನಾನು ಎದ್ದು ಬಾತ್‌ರೂಮಿಗೆ ಹೋದೆ, ಫೋನ್ ಬಂಕ್‌ನಲ್ಲೇ ಬಿಟ್ಟು. ಬಂದು ನೋಡಿದರೆ ಗಾಡಿ ಇಲ್ಲ. ಪರದೆ ಎಳೆದಿತ್ತಲ್ಲ, ಒಳಗೇ ಮಲಗಿದ್ದಾಳೆ ಅಂತ ಹೊರಟೇ ಬಿಟ್ಟಿದ್ದಾರೆ. ಕ್ಯಾಷಿಯರ್ ಹುಡುಗಿಯ ಫೋನ್ ಇಸ್ಕೊಂಡು ಮಾಡಿದರೆ "ಯಾವ್ದೋ ನಂಬರ್" ಅಂತ ಎರಡು ಸಲ ಕಟ್ ಮಾಡಿದರು. ಅವತ್ತಿನಿಂದ ಯಾರು ಇಳಿದರೂ ಅವರ ದಿಂಬು ಡ್ರೈವರ್ ಸೀಟಿನ ಮೇಲೆ.