ರೋನ್ ಕಣಿವೆಯ ಕೆಂಪು ವೈನಿಗೆ ನಾನು ಅಡುಗೆ ಹೊಂದಿಸಿಕೊಂಡ ಬಗೆ

ಫ್ರಾನ್ಸಿನ ಲಿಯೋನ್‌ನಲ್ಲಿ ಮನೆ ಮಾಡಿದ ಮೇಲೆ ನಮ್ಮ ಊಟದ ಮೇಜಿಗೆ ಜಾಸ್ತಿ ಬರುವ ಕೆಂಪು ವೈನ್ ಅಂದರೆ ಕೋತ್ ದ್ಯು ರೋನ್. ರೋನ್ ನದಿ ಈ ಊರಿನೊಳಗೇ ಹರಿಯುತ್ತದೆ. ಅದರ ಜೊತೆ ದಕ್ಷಿಣಕ್ಕೆ ಅವಿನ್ಯೋನ್ ಕಡೆ ಇಳಿದರೆ ಬಿಸಿಲು, ಉತ್ತರದಿಂದ ಜೋರಾಗಿ ಬೀಸುವ ಮಿಸ್ತ್ರಾಲ್ ಗಾಳಿ, ಕಣ್ಣು ಹಾಯಿಸಿದಷ್ಟೂ ದ್ರಾಕ್ಷಿ ತೋಟ. ಕೋತ್ ದ್ಯು ರೋನ್ ಅನ್ನುವ ಹೆಸರಿಗೆ 1937ರಿಂದಲೇ ಕಾನೂನಿನ ರಕ್ಷಣೆ ಇದೆ.

ದಕ್ಷಿಣದ ಬಾಟಲಿಗಳಲ್ಲಿ ಮುಖ್ಯವಾಗಿ ಮೂರು ದ್ರಾಕ್ಷಿ ಇರುತ್ತವೆ: ಗ್ರೆನಾಶ್, ಸಿರಾ, ಮೂರ್ವೆದ್ರ್. ಯಾವುದು ಏನು ಕೆಲಸ ಮಾಡುತ್ತದೆ ಅಂತ ಓದಿದರೆ ತಲೆಗೆ ಹೋಗಲಿಲ್ಲ, ಬೇರೆ ಬೇರೆಯಾಗಿ ಕುಡಿದೇ ನೋಡಬೇಕಾಯಿತು. ಗ್ರೆನಾಶ್ ಒಂದೇ ಇರುವ ಬಾಟಲಿ ತಂದೆ. ಸಿರಾಗೆ ಉತ್ತರ ರೋನ್‌ನ ಕ್ರೋಝ್ ಹೆರ್ಮಿತಾಜ್ ತಂದೆ. ಮೂರ್ವೆದ್ರ್‌ಗೆ ಸಮುದ್ರದ ಕಡೆಯ ಬಾಂದೋಲ್; ಅಲ್ಲಿನ ಕೆಂಪು ವೈನಿನಲ್ಲಿ ಅರ್ಧಕ್ಕಾದರೂ ಮೂರ್ವೆದ್ರ್ ಇರಲೇಬೇಕು.

ಗ್ರೆನಾಶ್ ಬಣ್ಣದಲ್ಲಿ ತೆಳು, ಬಾಯಿಗೆ ಮೃದು. ಸ್ಟ್ರಾಬೆರಿಯಂಥ ಹಣ್ಣಿನ ವಾಸನೆ, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ. ಸಿರಾ ಕಡು ನೇರಳೆ, ಮೂಗಿಗೆ ಹಿಡಿದರೆ ಕರಿಮೆಣಸು. ಮೂರ್ವೆದ್ರ್ ಕುಡಿದಾಗ ಎಳೆ ಅಡಿಕೆ ಜಗಿದ ಹಾಗೆ ಒಗರು ನಾಲಿಗೆಗೆ ಹತ್ತಿಕೊಳ್ಳುತ್ತದೆ. ಆಮೇಲೆ ಅಳತೆ ಲೋಟದಲ್ಲಿ ಗ್ರೆನಾಶ್ 60, ಸಿರಾ 30, ಮೂರ್ವೆದ್ರ್ 10 ಮಿಲಿ ಸುರಿದು ಕಲಸಿದೆ. ಬಿಸಿ ತಗ್ಗಿತು, ಬಣ್ಣ ಬಂತು, ರುಚಿ ಬಾಯಲ್ಲಿ ಇನ್ನಷ್ಟು ಹೊತ್ತು ನಿಂತಿತು. ವೈನ್ ಇಷ್ಟ ಇರುವವರು ಇದನ್ನು ಒಮ್ಮೆ ಮನೆಯಲ್ಲಿ ಮಾಡಲೇಬೇಕು ಅನ್ನುತ್ತೇನೆ.

ಈ ವೈನಿಗೆ ನನ್ನ ಮೊದಲ ಆಯ್ಕೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ನ ದೋಬ್, ಅಂದರೆ ಮಾಂಸವನ್ನು ವೈನಿನಲ್ಲಿ ನಿಧಾನವಾಗಿ ಬೇಯಿಸುವ ಅಡುಗೆ. ಅದಕ್ಕೆ ಸಾಮಾನ್ಯವಾಗಿ ದನದ ಮಾಂಸ ಹಾಕುತ್ತಾರೆ. ಅವಿನ್ಯೋನ್ ಕಡೆ ಕುರಿಯದ್ದೂ ಮಾಡುತ್ತಾರೆ, ನಾನು ಕುರಿಯ ಮುಂಗಾಲಿನದ್ದೇ ಮಾಡುವುದು. ದೊಡ್ಡ ತುಂಡುಗಳನ್ನು ಈರುಳ್ಳಿ, ಬೆಳ್ಳುಳ್ಳಿ, ಥೈಮ್, ಬೇ ಎಲೆ, ಕಿತ್ತಳೆ ಸಿಪ್ಪೆಯ ಒಂದು ಪಟ್ಟಿಯ ಜೊತೆ ಇದೇ ವೈನಿನಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೆಳಿಗ್ಗೆ ಮಾಂಸವನ್ನು ಒರೆಸಿ, ಕಂದು ಬಣ್ಣ ಬರುವ ತನಕ ಹುರಿದು, ನೆನೆಸಿದ ವೈನನ್ನು ಮತ್ತೆ ಸುರಿದು ಮುಚ್ಚಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಬಿಡಬೇಕು. ಕುದಿ ಜೋರಾಗಬಾರದು, ಆಗೊಂದು ಈಗೊಂದು ಗುಳ್ಳೆ ಎದ್ದರೆ ಸಾಕು. ಕೊನೆಗೆ ಕಪ್ಪು ಆಲಿವ್. ಮಾಂಸದ ಪ್ರೋಟೀನು, ಕೊಬ್ಬು ಸೇರಿ ವೈನಿನ ಒಗರನ್ನು ಮೆತ್ತಗೆ ಮಾಡುತ್ತವೆ. ಥೈಮ್ ವಾಸನೆಗೂ ಈ ವೈನಿಗೂ ಒಳ್ಳೇ ಸ್ನೇಹ.

ಮಾಂಸ ತಿನ್ನದ ನೆಂಟರು ಬಂದರೆ ರತಾತುಯ್ ಮಾಡುತ್ತೇನೆ, ಅಂದರೆ ಬದನೆ, ಟೊಮೇಟೊ ಥರದ ತರಕಾರಿಗಳನ್ನು ಬೇಯಿಸಿದ ಪಲ್ಯ. ಬದನೆಯನ್ನು ಆಲಿವ್ ಎಣ್ಣೆಯಲ್ಲಿ ಚೆನ್ನಾಗಿ ಹುರಿದಿದ್ದರೆ ಸೊಗಸಾಗಿ ಹೊಂದುತ್ತದೆ. ಜೊತೆಗೆ ದ್ರೋಮ್, ಆರ್ದೆಶ್ ಕಡೆಯ ಪಿಕೊದೋಂ, ಅಂದರೆ ಮೇಕೆ ಹಾಲಿನ ಪುಟ್ಟ ಚೀಸು.

ನಮ್ಮ ಊರಿನ ಅಡುಗೆಗೆ? ಎಲ್ಲರೂ ಇದನ್ನೇ ಕೇಳುತ್ತಾರೆ. ಬ್ಯಾಡಗಿ, ಗುಂಟೂರು ಸುರಿದ ಖಾರದ ಸಾರಿಗೆ ಇದನ್ನು ನಾನು ಕೊಡುವುದಿಲ್ಲ. ಇದರಲ್ಲಿ ಆಲ್ಕೋಹಾಲು ಶೇ. 14ರ ಆಸುಪಾಸು ಇರುತ್ತದೆ, ಮೆಣಸಿನಕಾಯಿಯ ಉರಿಯನ್ನು ಅದು ಇನ್ನೂ ಕೆರಳಿಸುತ್ತದೆ. ಕಾಳುಮೆಣಸಿನ ಖಾರದ ಲೆಕ್ಕವೇ ಬೇರೆ. ಸಿರಾದ ಮೆಣಸಿನ ವಾಸನೆಗೆ ಕಾರಣ ರೋಟಂಡೋನ್ ಎಂಬ ವಸ್ತು ಅಂತ 2008ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ನಮ್ಮ ಕರಿಮೆಣಸಿನಲ್ಲಿ ಇರುವುದೂ ಅದೇ! ಹಾಗಾಗಿ ಕೊಡಗಿನ ಪಂದಿ ಕರಿ ಈ ವೈನಿಗೆ ಹೇಳಿ ಮಾಡಿಸಿದ ಜೋಡಿ: ಕೊಬ್ಬು ಇದೆ, ಮೆಣಸು ಇದೆ, ಹುರಿದ ಮಸಾಲೆಯ ಕಪ್ಪು ಘಮ ಇದೆ. ಅದಕ್ಕೆ ಹಾಕುವ ಕೊಡಗಿನ ಹುಳಿ ಕಾಚಂಪುಳಿಯನ್ನು ಮಾತ್ರ ಒಂದು ಚೂರು ಕಡಿಮೆ ಹಾಕುತ್ತೇನೆ. ಹುಳಿ ಜಾಸ್ತಿಯಾದರೆ ವೈನ್ ಸಪ್ಪೆ ಅನ್ನಿಸುತ್ತದೆ. ಮೀನಿಗಂತೂ ಬೇಡ.

ಬೇಸಿಗೆಯಲ್ಲಿ ಬಾಟಲಿಯನ್ನು ಬಡಿಸುವ ಮುಂಚೆ ಇಪ್ಪತ್ತು ನಿಮಿಷ ಫ್ರಿಜ್‌ನಲ್ಲಿಡಿ. 16 ಡಿಗ್ರಿ ಹತ್ತಿರ ಇದ್ದರೆ ಹಣ್ಣಿನ ರುಚಿ ಮುಂದೆ ಬರುತ್ತದೆ, ಆಲ್ಕೋಹಾಲು ಹಿಂದೆ ಸರಿಯುತ್ತದೆ. ಗ್ರೆನಾಶ್ ಗಾಳಿ ತಾಗಿದರೆ ಬೇಗ ಸೋಲುತ್ತದೆ, ಅದಕ್ಕೇ ತೆರೆದ ಬಾಟಲಿಯನ್ನು ಮಾರನೇ ದಿನವೇ ಮುಗಿಸುತ್ತೇವೆ. ಅದಕ್ಕೂ ಮೀರಿ ಉಳಿದರೆ ಮುಂದಿನ ದೋಬ್‌ಗೆ.