‘ಎಬೊನಿ’ಯ ಹಳೆಯ ಸಂಚಿಕೆ ಓದುವುದು ಹೇಗೆ?

ಹಾಸನದ ನಮ್ಮ ಮನೆ ಅಟ್ಟದಲ್ಲಿ ಅಪ್ಪ ಕಟ್ಟಿಟ್ಟ ಹಳೆಯ ವಾರಪತ್ರಿಕೆಗಳಿವೆ. ಆ ಕಾಲದ ಜನ ಹೇಗೆ ಬದುಕಿದರು ಅಂತ ತಿಳಿಯಲು ಜಾಹೀರಾತು ನೋಡಬೇಕು ಅನ್ನೋದನ್ನು ಅಲ್ಲೇ ಕಲಿತೆ. ಅಮೆರಿಕದ ಕಪ್ಪು ಜನರ ಮಾಸಪತ್ರಿಕೆ ‘ಎಬೊನಿ’ಯನ್ನೂ ಹಾಗೇ ಓದಿ.

ಗೂಗಲ್ ಬುಕ್ಸ್ ತೆರೆದು ಇಂಗ್ಲಿಷ್‌ನಲ್ಲಿ ಪತ್ರಿಕೆಯ ಹೆಸರು (Ebony) ಹಾಕಿ. 1960ರ ದಶಕದ ಸಂಚಿಕೆಗಳು ದುಡ್ಡಿಲ್ಲದೆ ಸಿಗುತ್ತವೆ. ಫೋನಿಗಿಂತ ಕಂಪ್ಯೂಟರ್ ವಾಸಿ. ಪುಟ ದೊಡ್ಡದು, ಅಕ್ಷರ ಸಣ್ಣದು.

ಮೊದಲು ಇಷ್ಟು ತಿಳಿದಿರಲಿ. ಮುಂದೆ ಎಬೊನಿ ಕಟ್ಟಿದ ಜಾನ್ ಎಚ್. ಜಾನ್ಸನ್ 1942ರಲ್ಲಿ ತಮ್ಮ ಮೊದಲ ಪತ್ರಿಕೆ ಶುರುಮಾಡಿದ್ದು 500 ಡಾಲರ್ ಸಾಲದಲ್ಲಿ. ಅದಕ್ಕೆ ಒತ್ತೆ ಇಟ್ಟಿದ್ದು ತಾಯಿಯ ಮನೆ ಸಾಮಾನು. ನಮ್ಮಲ್ಲಿ ಅಮ್ಮಂದಿರು ಬಳೆ ಅಡವಿಡೋ ಹಾಗೇ ಅಲ್ವಾ? ಆ ತಾಯಿ ನೆನಪಾದರೆ ನನಗೆ ಈಗಲೂ ಗಂಟಲು ಕಟ್ಟುತ್ತೆ. 1945ರ ನವೆಂಬರ್‌ನಲ್ಲಿ ಶಿಕಾಗೋದಿಂದ ಎಬೊನಿ ಬಂತು.

ಲೇಖನಕ್ಕೆ ಆತುರ ಬೇಡ. ಕಾರು, ಸೋಪು, ರೇಡಿಯೊ ಜಾಹೀರಾತುಗಳಲ್ಲಿ ಯಾರ ಮುಖ ಇದೆ ನೋಡಿ. ದೊಡ್ಡ ಕಂಪನಿಗಳು ಸುಮ್ನೆ ಬರಲಿಲ್ಲ, ಜಾನ್ಸನ್ ಬಾಗಿಲು ತಟ್ಟಿ ತಂದರು. ಮೊದಮೊದಲು ಒಪ್ಪಿದವರಲ್ಲಿ ಜೆನಿತ್ ರೇಡಿಯೊ ಒಂದು.

ಆಮೇಲೆ ಫೋಟೋ. ಮಾರ್ಟಿನ್ ಲೂಥರ್ ಕಿಂಗ್ ಅಂತ್ಯಕ್ರಿಯೆಯಲ್ಲಿ, ತೊಡೆಗೊರಗಿದ ಮಗಳೊಂದಿಗೆ ಕೂತ ಪತ್ನಿ ಕೊರೆಟ್ಟಾ ಅವರ ಚಿತ್ರ ತೆಗೆದವರು ಎಬೊನಿಯ ಮೊನೆಟಾ ಸ್ಲೀಟ್. 1969ರಲ್ಲಿ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಅದರ ಮುಂದೆ ಜಾಸ್ತಿ ಹೊತ್ತು ಕೂರಿ.

ನೋಟ್‌ಬುಕ್‌ನಲ್ಲಿ ತಿಂಗಳು, ವರ್ಷ, ಪುಟ ಬರೆದಿಡಿ. ಉದ್ಯೋಗ, ವ್ಯಾಪಾರದ ಕಡೆ ಆಸಕ್ತಿ ಇದ್ದರೆ 1970ರಲ್ಲಿ ಅರ್ಲ್ ಗ್ರೇವ್ಸ್ ಶುರುಮಾಡಿದ ‘ಬ್ಲ್ಯಾಕ್ ಎಂಟರ್‌ಪ್ರೈಸ್’ ಪತ್ರಿಕೆ ಹುಡುಕಿ.